ಬಿದ್ದ ನೊಣ ಎದ್ದು ಹಾರುವುದೇಕೆ? ಜಾನ್ ಕಸೀಡಾ ಹಿಡಿದ ವಿಷದ ಜಾಡು

ಪೈರೆತ್ರಮ್ ಎಂಬುದು ಸೇವಂತಿಗೆಯ ಬಳಗಕ್ಕೆ ಸೇರಿದ ಬಿಳಿ ಹೂವೊಂದರಿಂದ ತೆಗೆಯುವ ಕೀಟನಾಶಕ. ಅದನ್ನು ಸಿಂಪಡಿಸಿದ ಕೋಣೆಯಲ್ಲಿ ನೊಣಗಳು ಕೆಲವೇ ನಿಮಿಷಗಳಲ್ಲಿ ಉದುರಿ, ಅಂಗಾತ ಬಿದ್ದು ಕಾಲು ಬಡಿಯುತ್ತವೆ. ಗುಡಿಸದೆ ಹಾಗೇ ಬಿಟ್ಟರೆ ಮರುದಿನ ಬೆಳಿಗ್ಗೆ ಅವುಗಳಲ್ಲಿ ಹಲವು ಮತ್ತೆ ಹಾರಾಡುತ್ತಿರುತ್ತವೆ. 1940ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ವಿಚಿತ್ರ ಪರಿಹಾರ ಸಿಕ್ಕಿತು: ಪೈರೆತ್ರಮ್ಮಿಗೆ ಎಳ್ಳೆಣ್ಣೆ ಬೆರೆಸಿದರೆ ಬಿದ್ದ ನೊಣ ಏಳುವುದಿಲ್ಲ. ಎಳ್ಳೆಣ್ಣೆಯೊಂದನ್ನೇ ಹಾಕಿದರೆ ನೊಣಕ್ಕೆ ಏನೂ ಆಗುವುದಿಲ್ಲ. ಎಳ್ಳಿನಲ್ಲಿರುವ ಸೆಸಮಿನ್ ಎಂಬ ವಸ್ತುವಿನ ರಚನೆಯ ಜಾಡು ಹಿಡಿದು ಅದೇ ದಶಕದಲ್ಲಿ ಪೈಪೆರೊನಿಲ್ ಬ್ಯುಟಾಕ್ಸೈಡ್ ಎಂಬ ಕೃತಕ ಪೂರಕವೂ ಬಂತು. ಇಂದಿಗೂ ಹಲವು ಸ್ಪ್ರೇ ಡಬ್ಬಿಗಳ ಮೇಲೆ ಈ ಹೆಸರು ಇರುತ್ತದೆ. ಅದು ಕೆಲಸ ಮಾಡುತ್ತದೆಂದು ತಯಾರಕರಿಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಅದರ ವಿವರಣೆಯ ದೊಡ್ಡ ಪಾಲು ಸಿಕ್ಕಿದ್ದು ಜಾನ್ ಕಸೀಡಾ ಅವರ ಪ್ರಯೋಗಾಲಯದಲ್ಲಿ.

ಕಸೀಡಾ ಹುಟ್ಟಿದ್ದು 1929ರಲ್ಲಿ, ಅರಿಜೋನಾದ ಫೀನಿಕ್ಸ್‌ನಲ್ಲಿ. ಬೆಳೆದದ್ದು, ಓದಿದ್ದು ವಿಸ್ಕಾನ್ಸಿನ್‌ನಲ್ಲಿ. ಕೀಟಶಾಸ್ತ್ರದಲ್ಲಿ ಪದವಿ ಪಡೆದು ಜೀವರಸಾಯನಶಾಸ್ತ್ರದ ಕಡೆ ಹೊರಳಿ, 1954ರಲ್ಲಿ ಪಿಎಚ್.ಡಿ. ಮುಗಿಸಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದು ಅಲ್ಲಿ ಪರಿಸರ ರಸಾಯನ ಮತ್ತು ವಿಷಶಾಸ್ತ್ರದ ಪ್ರಯೋಗಾಲಯ ಕಟ್ಟಿದರು. 1993ರಲ್ಲಿ ಕೃಷಿಗೆ ಕೊಡುವ ವುಲ್ಫ್ ಪ್ರಶಸ್ತಿ ಬಂತು. 2018ರ ಜೂನ್ 30ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟರಲ್ಲಿ ಅವರ ಜೀವನಚರಿತ್ರೆ ಮುಗಿಯುತ್ತದೆ. ಕೆಲಸದ ಕಥೆ ಅಷ್ಟು ಬೇಗ ಮುಗಿಯುವುದಿಲ್ಲ. ಬಾಟಲಿಯಲ್ಲಿರುವ ರಾಸಾಯನಿಕ ಬೇರೆ, ಮೈಯೊಳಗೆ ಹೋಗಿ ಕೊಲ್ಲುವ ರಾಸಾಯನಿಕ ಬೇರೆ ಇರಬಹುದು ಎಂಬುದನ್ನು ಅವರು ಮತ್ತೆ ಮತ್ತೆ, ಬೇರೆ ಬೇರೆ ವಿಷಗಳಲ್ಲಿ ತೋರಿಸಿದರು.

ಮೊದಲನೆಯದು ಶ್ರಾಡಾನ್. ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹೆಸರಿನ ಈ ರಂಜಕಯುಕ್ತ ಕೀಟನಾಶಕವನ್ನು ಗಿಡ ಹೀರಿಕೊಳ್ಳುತ್ತದೆ, ಗಿಡದ ರಸ ಹೀರುವ ಸಸ್ಯಹೇನು ಸಾಯುತ್ತದೆ. ಈ ಗುಂಪಿನ ವಿಷಗಳೆಲ್ಲ ನರಗಳ ನಡುವಿನ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಆದರೆ ಶುದ್ಧ ಶ್ರಾಡಾನನ್ನು ಪ್ರನಾಳದಲ್ಲಿ ಆ ಕಿಣ್ವದ ಜೊತೆ ಇಟ್ಟರೆ ಹೆಚ್ಚೇನೂ ಆಗುವುದಿಲ್ಲ. ಲಿವರ್ ಅಂಗಾಂಶದ ಜೊತೆ ಇಟ್ಟು ನಂತರ ಪರೀಕ್ಷಿಸಿದರೆ ಕಿಣ್ವ ನಿಂತೇ ಹೋಗುತ್ತದೆ. ಲಿವರ್ ಅದನ್ನು ಆಕ್ಸಿಡೀಕರಿಸಿ ನಿಜವಾದ ವಿಷವನ್ನು ತಯಾರಿಸುತ್ತಿತ್ತು. ಆ ರೂಪಾಂತರದ ರಸಾಯನವನ್ನು ಬಿಡಿಸಿದ್ದು ವಿಸ್ಕಾನ್ಸಿನ್‌ನಲ್ಲಿ ಕಸೀಡಾ ಮತ್ತು ಸಂಗಡಿಗರು ಮಾಡಿದ ಮೊದಲ ಮುಖ್ಯ ಕೆಲಸ.

ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ವಿಷವನ್ನು ಅಳೆಯಬೇಕು. ಕೇಳಲು ಸರಳ, ಕೆಡಲು ನೂರು ದಾರಿ. ಮೂರರಿಂದ ಐದು ದಿನ ವಯಸ್ಸಿನ ಹೆಣ್ಣು ಮನೆನೊಣಗಳನ್ನೇ ಆರಿಸುತ್ತಾರೆ. ಗಂಡು ಚಿಕ್ಕದು, ಕಡಿಮೆ ವಿಷಕ್ಕೇ ಸಾಯುತ್ತದೆ. ಎರಡನ್ನೂ ಬೆರೆಸಿದರೆ ಲೆಕ್ಕ ಹರಡಿಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಯಿಸಿ ನೊಣಕ್ಕೆ ಎಚ್ಚರ ತಪ್ಪಿಸಿ, ಅಸಿಟೋನಿನಲ್ಲಿ ಕರಗಿಸಿದ ಕೀಟನಾಶಕವನ್ನು ಸೂಕ್ಷ್ಮ ಸಿರಿಂಜಿನಿಂದ ಎದೆಯ ಬೆನ್ನಭಾಗಕ್ಕೆ ಒಂದು ಮೈಕ್ರೋಲೀಟರ್, ಅಂದರೆ ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು, ಮುಟ್ಟಿಸುತ್ತಾರೆ. ಎಚ್ಚರ ತಪ್ಪಿಸಿದ್ದು ಹೆಚ್ಚು ಹೊತ್ತಾದರೆ ಆ ಅನಿಲವೇ ನೊಣವನ್ನು ಬಳಲಿಸುತ್ತದೆ. ಹನಿ ಜಾರಿ ಪಕ್ಕದ ಉಸಿರುರಂಧ್ರಕ್ಕೆ ಹೋದರೆ ಅದೇ ಪ್ರಮಾಣಕ್ಕೆ ಬೇರೆ ಫಲ ಬರುತ್ತದೆ.

ಕನಿಷ್ಠ ಐದು ಪ್ರಮಾಣಗಳು, ಪ್ರತಿಯೊಂದಕ್ಕೂ ಇಪ್ಪತ್ತರಂತೆ ನೊಣಗಳು, ಮೂರು ಸಲದ ಪುನರಾವರ್ತನೆ. ಬರೀ ಅಸಿಟೋನ್ ಹಾಕಿದ ಒಂದು ಗುಂಪು ಬೇರೆ. ಒಂದು ಗಂಟೆಗೆ ಎಷ್ಟು ಬಿದ್ದಿವೆ, 24 ಗಂಟೆಗೆ ಎಷ್ಟು ಸತ್ತಿವೆ ಎಂದು ಬೇರೆ ಬೇರೆ ಬರೆಯಬೇಕು. ಪೈರೆತ್ರಮ್ಮಿನಂಥವುಗಳಲ್ಲಿ ಈ ಎರಡು ಸಂಖ್ಯೆಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಅಸಿಟೋನ್ ಗುಂಪಿನಲ್ಲೂ ಕೆಲವು ಸಾಯುತ್ತವೆ. ಅದನ್ನು ಕಳೆಯಲು 1925ರಲ್ಲಿ ಆಬಟ್ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ವಿಷ ಹಾಕಿದವುಗಳಲ್ಲಿ ಶೇ 55, ಹಾಕದವುಗಳಲ್ಲಿ ಶೇ 10 ಸತ್ತರೆ, 55ರಿಂದ 10 ಕಳೆದು 90ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ನಿಜವಾದ ಸಾವು ಶೇ 50. ವಿಷ ಹಾಕದವುಗಳಲ್ಲೇ ಶೇ 20ಕ್ಕೂ ಹೆಚ್ಚು ಸತ್ತರೆ ಲೆಕ್ಕ ಹಾಕುವ ಬದಲು ಪ್ರಯೋಗವನ್ನೇ ಬಿಸಾಡುವುದು ವಾಡಿಕೆ. ಕೋಣೆಯ ಉಷ್ಣತೆಯನ್ನು ಬರೆದಿಡದ ಫಲಿತಾಂಶವನ್ನೂ ನಂಬಬಾರದು. ಪೈರೆತ್ರಾಯ್ಡ್‌ಗಳು, ಅಂದರೆ ಪೈರೆತ್ರಮ್ಮಿನ ವಿಷವನ್ನು ಅನುಕರಿಸಿ ತಯಾರಿಸಿದ ಕೃತಕ ಕೀಟನಾಶಕಗಳು, ಸಾಮಾನ್ಯವಾಗಿ ತಂಪಿನಲ್ಲಿ ಹೆಚ್ಚು ಕೊಲ್ಲುತ್ತವೆ, ಸೆಕೆಯಲ್ಲಿ ಕಡಿಮೆ.

ಪೂರಕದ ಪರೀಕ್ಷೆ ಇದಕ್ಕೇ ಸೇರಿಕೊಳ್ಳುತ್ತದೆ. ತಾನಾಗಿ ಕೊಲ್ಲದಷ್ಟು ಪೈಪೆರೊನಿಲ್ ಬ್ಯುಟಾಕ್ಸೈಡನ್ನು ಒಂದು ಗಂಟೆ ಮೊದಲೇ ಹಚ್ಚಿ ಆಮೇಲೆ ಕೀಟನಾಶಕ ಹಾಕಬೇಕು. ಅರ್ಧದಷ್ಟು ನೊಣಗಳನ್ನು ಕೊಲ್ಲಲು ಬೇಕಾದ ಪ್ರಮಾಣ ಹತ್ತನೇ ಒಂದು ಪಾಲಿಗೆ ಇಳಿದರೆ ಪೂರಕದ ಬಲ ಹತ್ತು ಪಟ್ಟು. ಆದರೆ ಅದೇ ಪೂರಕವನ್ನು ಪ್ಯಾರಥಿಯಾನಿನಂಥ ಕೆಲವು ರಂಜಕ ವಿಷಗಳ ಮೊದಲು ಹಚ್ಚಿದರೆ ನೊಣ ಇನ್ನೂ ಗಟ್ಟಿಯಾಗಿ ಉಳಿಯಬಹುದು. ಪೈರೆತ್ರಮ್ಮಿನ ವಿಷವನ್ನು ಕೆಡಿಸುವ ಕಿಣ್ವವೂ ಪ್ಯಾರಥಿಯಾನನ್ನು ನಿಜವಾದ ವಿಷವಾಗಿ ತಯಾರಿಸುವ ಕಿಣ್ವವೂ ಒಂದೇ ಕುಟುಂಬದವು: ಸೈಟೋಕ್ರೋಮ್ ಪಿ-450. ಪೂರಕ ಕಟ್ಟಿಹಾಕುವುದು ಅದನ್ನೇ.

ಇದು ಊಹೆಯಾಗಿ ಉಳಿಯಬಾರದೆಂದರೆ ಪೈರೆತ್ರಮ್ಮಿನಲ್ಲಿ ಕೊಲ್ಲುವ ವಸ್ತುವಾದ ಪೈರೆತ್ರಿನ್‌ನ ಅಣು ನೊಣದೊಳಗೆ ಏನಾಗುತ್ತದೆಂದು ಕಣ್ಣಾರೆ ಕಾಣಬೇಕು. 1960ರ ದಶಕದ ನಡುವೆ ಜಪಾನಿನ ಇಝುರು ಯಮಮೊಟೊ ಮತ್ತು ಕಸೀಡಾ ವಿಕಿರಣಶೀಲ ಇಂಗಾಲ-14 ಜೋಡಿಸಿದ ಅಣುಗಳನ್ನು ಬಳಸಿ ಇದನ್ನು ಮಾಡಿದರು. ಪೈರೆತ್ರಿನ್ ಒಂದು ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೋಹಾಲ್ ಸೇರಿದ ಜೋಡಿ. ನೊಣ ಆ ಜೋಡಿಯನ್ನೇ ಸೀಳಿ ವಿಷ ಕಳೆದುಕೊಳ್ಳುತ್ತದೆ ಎಂಬುದು ಆಗಿನ ನಂಬಿಕೆ. ಫಲಿತಾಂಶ ಬೇರೆಯೇ ಬಂತು: ಜೋಡಿ ಹಾಗೇ ಇತ್ತು, ಆಮ್ಲದ ಭಾಗದ ತುದಿಯಲ್ಲಿದ್ದ ಒಂದು ಮೀಥೈಲ್ ಗುಂಪು ಮಾತ್ರ ಹಂತ ಹಂತವಾಗಿ ಆಕ್ಸಿಡೀಕರಣಗೊಂಡಿತ್ತು. ಪೂರಕ ತಡೆಯುವುದು ಈ ಹೆಜ್ಜೆಯನ್ನು.

ಇಂಥ ಪ್ರಯೋಗಕ್ಕೆ ನೊಣವನ್ನು ಇಡಿಯಾಗಿ ಅರೆಯುವಂತಿಲ್ಲ. ನೊಣದ ಕೆಂಪು ಕಣ್ಣಿನ ಬಣ್ಣ ಝ್ಯಾಂಥೊಮ್ಯಾಟಿನ್, ಆಕ್ಸಿಡೀಕರಣದ ಕಿಣ್ವಕ್ಕೆ ಹೋಗಬೇಕಾದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ. ತಲೆಯನ್ನೂ ಸೇರಿಸಿ ಅರೆದವರಿಗೆ ಕಿಣ್ವವೇ ಇಲ್ಲವೆಂಬ ಸುಳ್ಳು ಉತ್ತರ ಸಿಗುತ್ತದೆ. ಹೊಟ್ಟೆಯ ಭಾಗವನ್ನಷ್ಟೇ ಬೇರ್ಪಡಿಸಿ, ತಣ್ಣನೆಯ ಫಾಸ್ಫೇಟ್ ದ್ರಾವಣದಲ್ಲಿ ಮೆತ್ತಗೆ ಅರೆದು, ಈ ಕಿಣ್ವಕ್ಕೆ ಎಲೆಕ್ಟ್ರಾನು ಒದಗಿಸುವ ಎನ್‌ಎಡಿಪಿಎಚ್ ಎಂಬ ವಸ್ತು ಸೇರಿಸಿ, ಗಾಳಿಯಾಡುವಂತೆ ಅಲುಗಿಸುತ್ತಿರಬೇಕು. ಎನ್‌ಎಡಿಪಿಎಚ್ ಇಲ್ಲದ ಒಂದು ಪ್ರನಾಳವನ್ನೂ ಜೊತೆಗೆ ಇಡಬೇಕು. ಅಲ್ಲೂ ಅಣು ಒಡೆಯುತ್ತಿದ್ದರೆ ಅದು ಈ ಕಿಣ್ವದ ಕೆಲಸವಲ್ಲ. ಕೊನೆಗೆ ತೆಳುಪದರದ ಕ್ರೊಮ್ಯಾಟೋಗ್ರಫಿಯಲ್ಲಿ ಬೇರ್ಪಡಿಸಿ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳಾಗಿ ಮೂಡಿಸುತ್ತಾರೆ. ಚುಕ್ಕೆಗಳನ್ನೆಲ್ಲ ಕೂಡಿಸಿದಾಗ ಹಾಕಿದ ವಿಕಿರಣದ ಲೆಕ್ಕ ಹೊಂದದಿದ್ದರೆ ಎಲ್ಲೋ ಸೋರಿದೆ: ಆವಿಯಾಗಿರಬಹುದು, ಅರೆದ ಅಂಗಾಂಶಕ್ಕೆ ಅಂಟಿರಬಹುದು. ನನ್ನ ಮಟ್ಟಿಗೆ ಕಸೀಡಾ ಶಾಲೆಯ ನಿಜವಾದ ಗುರುತು ಈ ಜಮಾಖರ್ಚಿನ ಕಟ್ಟುನಿಟ್ಟು.

ಸಸ್ತನಿಗಳಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ತಂಡ ಪ್ರಕಟಿಸಿದ ಪರ್ಮೆಥ್ರಿನ್ ಬಿಸಿಲಿಗೆ ಕೆಡದ ಪೈರೆತ್ರಾಯ್ಡ್. ಅದೇ ಪರಮಾಣುಗಳು ಬೇರೆ ಬೇರೆ ದಿಕ್ಕಿಗೆ ಜೋಡಣೆಯಾದ ಟ್ರಾನ್ಸ್, ಸಿಸ್ ಎಂಬ ಎರಡು ರೂಪಗಳು ಅದಕ್ಕಿವೆ. ಟ್ರಾನ್ಸ್ ರೂಪವನ್ನು ಇಲಿಯ ಎಸ್ಟರೇಸ್ ಕಿಣ್ವಗಳು, ಅಂದರೆ ಎಸ್ಟರ್ ಜೋಡಿಯನ್ನು ಸೀಳುವ ಕಿಣ್ವಗಳು, ಚಕಚಕನೆ ಸೀಳುತ್ತವೆ, ಸಿಸ್ ರೂಪವನ್ನು ನಿಧಾನವಾಗಿ. ಅಂದರೆ ಒಂದೇ ಹೆಸರಿನ ಎರಡು ಡಬ್ಬಿಗಳಲ್ಲಿ ಈ ಎರಡು ರೂಪಗಳ ಪಾಲು ಬದಲಾದರೆ ವಿಷದ ಮಟ್ಟವೂ ಬದಲಾಗುತ್ತದೆ.

ಎಸ್ಟರೇಸ್ ಮೇಲೆ ಭಾರ ಹಾಕಿ ಸುರಕ್ಷಿತವೆನಿಸಿಕೊಂಡ ಮತ್ತೊಂದು ವಿಷ ಮ್ಯಾಲಥಿಯಾನ್. ಇಲಿಯನ್ನು ಕೊಲ್ಲಲು ಕಿಲೋ ತೂಕಕ್ಕೆ ಸಾವಿರ ಮಿಲಿಗ್ರಾಮಿಗೂ ಹೆಚ್ಚು ಬೇಕು. ಅದರ ಹತ್ತಿರದ ನಂಟ ಪ್ಯಾರಥಿಯಾನಿಗೆ ಹತ್ತರ ಆಸುಪಾಸು ಸಾಕು. ವ್ಯತ್ಯಾಸದ ಮುಖ್ಯ ಕಾರಣ, ಸಸ್ತನಿಗಳ ಕಾರ್ಬಾಕ್ಸಿಲೆಸ್ಟರೇಸ್ ಮ್ಯಾಲಥಿಯಾನನ್ನು ವಿಷವಾಗಿ ಮಾರ್ಪಡುವ ಮೊದಲೇ ಸೀಳಿಬಿಡುತ್ತದೆ. ಆ ಕಿಣ್ವ ನಿಂತರೆ? 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣ ಕೆಲಸದಲ್ಲಿ ಉತ್ತರ ಸಿಕ್ಕಿತು. ಬಿಸಿಯಲ್ಲಿ ದಾಸ್ತಾನಾಗಿದ್ದ ಪುಡಿಯಲ್ಲಿ ಮ್ಯಾಲಥಿಯಾನಿನ ಒಂದು ಪಾಲು ಐಸೊಮ್ಯಾಲಥಿಯಾನ್ ಆಗಿ ಮಾರ್ಪಟ್ಟಿತ್ತು; ಅದು ರಕ್ಷಕ ಕಿಣ್ವವನ್ನೇ ಕಟ್ಟಿಹಾಕಿತು. ಸಿಂಪಡಿಸುವವರಲ್ಲಿ ಸುಮಾರು 2,800 ಮಂದಿಗೆ ವಿಷ ಏರಿತು, ಕನಿಷ್ಠ ಐವರು ಸತ್ತರು. ಲೇಬಲ್ಲಿನಲ್ಲಿ ಮುಖ್ಯ ವಸ್ತುವಿನ ಶೇಕಡಾವಾರು ಬರೆದರೆ ಸಾಲದು, ಕಲ್ಮಷದ ಮಿತಿಯೂ ಬೇಕು ಎಂಬ ನಿಯಮದ ಹಿಂದೆ ಇಂಥ ಸಾವುಗಳಿವೆ. ಗೋಡೌನಿನ ತಗಡಿನ ಚಾವಣಿಯ ಕೆಳಗೆ ವರ್ಷಗಟ್ಟಲೆ ಉಳಿದ ಚೀಲವನ್ನು ಅರ್ಧ ಬೆಲೆಗೆ ಕೊಳ್ಳುವವರಿಗೂ ಇದು ಗೊತ್ತಿರಬೇಕು.

1930ರಲ್ಲಿ ಅಮೆರಿಕದಲ್ಲಿ ಪಾನನಿಷೇಧದ ಕಾಲಕ್ಕೆ ಶುಂಠಿಯ ಕಷಾಯವೆಂದು ಮಾರುತ್ತಿದ್ದ ಮದ್ಯ ಕುಡಿದು ಸಾವಿರಾರು ಜನರ ಕಾಲು ಸ್ವಾಧೀನ ತಪ್ಪಿತ್ತು. ಬೆರೆಸಿದ್ದು ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್. ಅದು ಕೂಡ ದೇಹದೊಳಗೆ ಒಂದು ಉಂಗುರಾಕಾರದ ಫಾಸ್ಫೇಟ್ ಆಗಿ ಬದಲಾದ ಮೇಲೆಯೇ ನರಗಳನ್ನು ಕೆಡಿಸುತ್ತದೆ ಎಂದು 1961ರಲ್ಲಿ ಕಸೀಡಾ, ಮೊರಿಫುಸ ಎಟೊ ಮುಂತಾದವರು ತೋರಿಸಿದರು.

1970ರ ದಶಕದ ನಂತರ ಅವರ ಗಮನ ವಿಷ ಅಂಟುವ ಜಾಗಗಳ ಕಡೆಗೂ ಹರಿಯಿತು. ಬೆಂಕಿ ತಡೆಯುವ ರಾಸಾಯನಿಕ ಬೆರೆಸಿದ ಪಾಲಿಯುರೆಥೇನ್ ನೊರೆಯನ್ನು ಸುಟ್ಟಾಗ ಬರುವ ಹೊಗೆಯಲ್ಲಿ ಇಲಿಗಳಿಗೆ ಸೆಳವು ತರಿಸುವ ಒಂದು ವಸ್ತು ಪತ್ತೆಯಾಗಿತ್ತು. ಅದು ರಂಜಕದ ಸಂಯುಕ್ತ, ಆದರೂ ಕೋಲಿನೆಸ್ಟರೇಸನ್ನು ಮುಟ್ಟುವುದಿಲ್ಲ. ಆ ಕುಟುಂಬದ ಅಣುಗಳು ಮಿದುಳಿನಲ್ಲಿ ನರಗಳನ್ನು ತಣ್ಣಗಿಡುವ ಗಾಬಾ ಗ್ರಾಹಿಯ ಕ್ಲೋರೈಡ್ ಕಾಲುವೆಯನ್ನು ಮುಚ್ಚುತ್ತವೆ. ಟಿಬಿಪಿಎಸ್ ಎಂಬ ನಂಟನಿಗೆ ಗಂಧಕ-35 ಜೋಡಿಸಿ, 1983ರಲ್ಲಿ ಆ ಜಾಗವನ್ನು ಅಳೆಯುವ ಪ್ರಯೋಗ ಸಿದ್ಧವಾಯಿತು. ಮಿದುಳಿನ ಪೊರೆಗಳ ಜೊತೆ ಇಟ್ಟು, ಗಾಜಿನ ನೂಲಿನ ಫಿಲ್ಟರಿನ ಮೇಲೆ ಸೋಸಿ, ತಣ್ಣೀರಿನಂಥ ದ್ರಾವಣದಲ್ಲಿ ಬೇಗ ತೊಳೆದು ಎಣಿಸಬೇಕು. ಗಂಧಕ-35ರ ಅರ್ಧಾಯುಷ್ಯ 87 ದಿನ. ಮೂರು ತಿಂಗಳ ಹಳೆಯ ಬಾಟಲಿಯನ್ನು ಹೊಸದೆಂದು ಲೆಕ್ಕ ಹಾಕಿದರೆ ಉತ್ತರ ಅರ್ಧಕ್ಕೆ ಕುಸಿಯುತ್ತದೆ.

ಈ ಅಳತೆಯಿಂದ ಡೈಎಲ್ಡ್ರಿನ್, ಎಂಡೋಸಲ್ಫಾನ್ ಗುಂಪಿನ ವಿಷಗಳು ಅಂಟುವುದು ಅಲ್ಲೇ ಎಂದು ಖಚಿತವಾಯಿತು. ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ಅದನ್ನು ನುಂಗಿದವರಿಗೆ ಬರುವ ಫಿಟ್ಸ್‌ಗೆ ಗಾಬಾ ಕಾಲುವೆ ಮುಚ್ಚುವುದೇ ಕಾರಣ. ವರ್ಷಗಟ್ಟಲೆ ಸಣ್ಣ ಪ್ರಮಾಣದಲ್ಲಿ ಸೋಕಿದ್ದರ ಪರಿಣಾಮವನ್ನು ಇದೊಂದರಿಂದ ವಿವರಿಸಲು ಹೊರಟರೆ ತಪ್ಪಾದೀತು, ಅದು ಬೇರೆ ತನಿಖೆ. ಆಸ್ಪತ್ರೆಯಲ್ಲಿ ಮಾತ್ರ ಜಾಗದ ವ್ಯತ್ಯಾಸ ತಕ್ಷಣ ಲೆಕ್ಕಕ್ಕೆ ಬರುತ್ತದೆ. ರಂಜಕ ವಿಷಕ್ಕೆ ಆಟ್ರೊಪಿನ್ ಉಂಟು. ಎಂಡೋಸಲ್ಫಾನ್ ಜಾತಿಯ ವಿಷಕ್ಕೆ ಪ್ರತಿವಿಷವೇ ಇಲ್ಲ, ಡಯಾಜೆಪಾಮ್‌ನಂಥ ಔಷಧಿಯಿಂದ ಸೆಳವನ್ನು ಹಿಡಿದಿಡಬೇಕು. ವಿಷ ಕುಡಿದವರ ಜೊತೆ ಬಾಟಲಿಯನ್ನೂ ತನ್ನಿ ಎಂದು ವೈದ್ಯರು ಕೇಳುವುದು ಅದಕ್ಕೇ.

ರಯಾನಿಯಾ ಎಂಬ ದಕ್ಷಿಣ ಅಮೆರಿಕದ ಗಿಡದ ವಿಷ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಕಾಲುವೆಗೆ ಅಂಟುತ್ತದೆಂದು 1985ರ ಹೊತ್ತಿಗೆ ಇದೇ ಪ್ರಯೋಗಾಲಯ ತೋರಿಸಿತು. ನಮ್ಮ ರೈತರು ಕೊರಾಜನ್ ಎಂದು ಕೊಳ್ಳುವ ಕ್ಲೋರಾಂಟ್ರಾನಿಲಿಪ್ರೋಲ್ ಕೆಲಸ ಮಾಡುವುದೂ ಅದೇ ಕಾಲುವೆಯ ಮೇಲೆ, ಬೇರೊಂದು ಮೂಲೆಯಲ್ಲಿ.

ಕೊನೆಯ ದಶಕಗಳಲ್ಲಿ ಸಹೋದ್ಯೋಗಿ ಮೊಟೊಹಿರೊ ಟೊಮಿಝಾವ ಜೊತೆ ಮಾಡಿದ ಕೆಲಸ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಗುಂಪಿನದು. ಈ ಅಣುವಿನ ತುದಿಯಲ್ಲಿ ಋಣ ಆವೇಶದ ಕಡೆ ವಾಲುವ ನೈಟ್ರೋ ಗುಂಪಿದೆ. ಅದು ಕೀಟದ ನಿಕೋಟಿನ್ ಗ್ರಾಹಿಯಲ್ಲಿ ಚೆನ್ನಾಗಿ ಕೂರುತ್ತದೆ, ನಮ್ಮದರಲ್ಲಿ ಕೂರುವುದಿಲ್ಲ. ಆ ನೈಟ್ರೋ ಗುಂಪು ಕಳಚಿದ ಅಣು ತಿರುಗಿ ಸಸ್ತನಿಯ ಗ್ರಾಹಿಗೆ ಬಿಗಿಯಾಗಿ ಅಂಟುತ್ತದೆ. ಇಷ್ಟು ಚಂದದ ಆಯ್ಕೆಯನ್ನೂ ಕೀಟ ತನ್ನ ಪಿ-450 ಕಿಣ್ವದಿಂದಲೇ ಮುರಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೆ ಚಿರಪರಿಚಿತವಾದ ಕಂದು ಜಿಗಿಹುಳು, ಏಷ್ಯಾದ ಹಲವೆಡೆ ಇಮಿಡಾಕ್ಲೋಪ್ರಿಡ್‌ಗೆ ಬಗ್ಗದಂತಾದದ್ದು ಹೆಚ್ಚಾಗಿ ಹೀಗೇ.

ಜೇನ್ನೊಣದ ಬಳಿಯೂ ಇಂಥ ಕಿಣ್ವವಿದೆ. ನೈಟ್ರೋ ಬದಲು ಸಯನೋ ಗುಂಪಿರುವ ಥಯಾಕ್ಲೋಪ್ರಿಡ್, ಅಸೆಟಾಮಿಪ್ರಿಡ್‌ಗಳನ್ನು ಜೇನ್ನೊಣ ಬೇಗ ಕೆಡಿಸುತ್ತದೆ. ಇಮಿಡಾಕ್ಲೋಪ್ರಿಡನ್ನು ಹಾಗೆ ಕೆಡಿಸಲಾರದು. ಯುರೋಪು 2018ರಲ್ಲಿ ಬಯಲಿನಲ್ಲಿ ಬಳಸದಂತೆ ತಡೆದ ಈ ಗುಂಪಿನ ಮೂರು ಕೀಟನಾಶಕಗಳೂ ನೈಟ್ರೋ ಜಾತಿಯವು. ಸಯನೋ ಜಾತಿಯದು ಜೇನಿಗೆ ವಾಸಿ ಎಂಬ ಮಾತಿಗೆ ಒಂದು ಷರತ್ತಿದೆ. ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕ ಜೇನ್ನೊಣದ ಆ ಕಿಣ್ವವನ್ನೇ ನಿಲ್ಲಿಸುತ್ತದೆ. ಮೈಗೆ ಹನಿ ಹಾಕಿ ನೋಡಿದ ಪ್ರಯೋಗಗಳಲ್ಲಿ ಅದರ ಜೊತೆ ಅಸೆಟಾಮಿಪ್ರಿಡ್‌ನ ವಿಷ ನೂರು ಪಟ್ಟು, ಥಯಾಕ್ಲೋಪ್ರಿಡ್‌ನದು ಐನೂರು ಪಟ್ಟಿಗೂ ಮೀರಿ ಏರಿದೆ. ಎಲೆಯ ಮೇಲೆ ಒಣಗಿದ ಶೇಷಕ್ಕೆ ಅಷ್ಟು ಸಾವು ಕಂಡಿಲ್ಲ. ಹಸಿ ಹನಿಯ ಮಾತು ಬೇರೆ: ಹುಳದ ಔಷಧಿ, ರೋಗದ ಔಷಧಿ ಎರಡನ್ನೂ ಒಂದೇ ಟ್ಯಾಂಕಿಗೆ ಸುರಿದು ಹೂ ಬಿಟ್ಟ ಹೊಲಕ್ಕೆ ಬೆಳಗಿನ ಹೊತ್ತು ಹೊಡೆದರೆ ಜೇನ್ನೊಣಕ್ಕೆ ನೇರವಾಗಿ ತಗಲುವುದು ಅದೇ.