ವಾಟ್ಸನ್ ಹೋಟೆಲನ್ನು ತಿಂದದ್ದು ತುಕ್ಕಲ್ಲ, ಬಾಡಿಗೆ

ಮುಂಬೈನ ಕಾಲಾ ಘೋಡಾದಲ್ಲಿ ಪಾಳುಬಿದ್ದಿರುವ ಎಸ್‌ಪ್ಲನೇಡ್ ಮ್ಯಾನ್ಶನ್ ಒಂದು ಕಾಲದ ವಾಟ್ಸನ್ ಹೋಟೆಲು. 1896ರ ಜುಲೈ 7ರಂದು ಭಾರತದಲ್ಲಿ ಮೊಟ್ಟಮೊದಲು ಸಿನಿಮಾ ತೋರಿಸಿದ್ದು ಇಲ್ಲೇ. ಸಿನಿಮಾಕ್ಕೆ ನಾಂದಿ ಹಾಡಿದ ಫ್ರಾನ್ಸಿನ ಲೂಮಿಯೇರ್ ಸೋದರರ ಪ್ರತಿನಿಧಿ ಮರಿಯಸ್ ಸೆಸ್ತಿಯೇ ತಂದಿದ್ದು ಆರು ತುಣುಕು, ಟಿಕೆಟ್ಟಿಗೆ ಒಂದು ರೂಪಾಯಿ. ಸ್ಟೇಷನ್ನಿಗೆ ಬರುವ ರೈಲು, ಕಾರ್ಖಾನೆಯಿಂದ ಹೊರಬೀಳುವ ಕೆಲಸಗಾರರು, ಸಮುದ್ರಸ್ನಾನ, ಜೊತೆಗೆ ಗೋಡೆಯೊಂದನ್ನು ಕೆಡವುವ ದೃಶ್ಯ! ಹೋಟೆಲಿಗೆ ಬಿಳಿಯರಿಗೆ ಮಾತ್ರ ಪ್ರವೇಶ. ವಾರದ ನಂತರ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಹೋಯಿತು.

ಕಟ್ಟಡವೂ ಆ ಕಾಲಕ್ಕೆ ಸೋಜಿಗವೇ. ಕಬ್ಬಿಣದ ಕಂಬ, ತೊಲೆಗಳನ್ನೆಲ್ಲ ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದರು. ವಿನ್ಯಾಸ ರೋಲೆಂಡ್ ಮೇಸನ್ ಆರ್ಡಿಶ್ ಎಂಬ ಎಂಜಿನಿಯರನದು. 1871ರಲ್ಲಿ ಹೋಟೆಲು ಶುರುವಾಯಿತು. ಸಿನಿಮಾ ಬಂದ ವರ್ಷವೇ, ಜನವರಿಯಲ್ಲಿ, ಮಾರ್ಕ್ ಟ್ವೈನ್ ಇಲ್ಲಿ ಇಳಿದುಕೊಂಡಿದ್ದ. ಬಾಲ್ಕನಿಯಲ್ಲಿ ಕೂತರೆ ಕಾಟ ಕೊಡುತ್ತಿದ್ದ ಕಾಗೆಗಳ ಬಗ್ಗೆ ಪುಟಗಟ್ಟಲೆ ಬರೆದ.

ಜಮ್‌ಷೆಡ್‌ಜಿ ಟಾಟಾರನ್ನು ಇಲ್ಲಿ ಒಳಗೆ ಬಿಡಲಿಲ್ಲ, ಆ ಸಿಟ್ಟಿಗೇ ಅವರು ತಾಜ್ ಹೋಟೆಲು ಕಟ್ಟಿಸಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಕೇಳಲು ಚೆನ್ನಾಗಿದೆ, ಆದರೆ ಪುರಾವೆ ಗಟ್ಟಿಯಿಲ್ಲ. 1903ರಲ್ಲಿ ತಾಜ್ ತೆರೆದ ಮೇಲೆ ವಾಟ್ಸನ್ನಿನ ವ್ಯಾಪಾರ ಇಳಿದಿದ್ದಂತೂ ಹೌದು. ಹಾಗಂತ ವ್ಯಾಪಾರ ನಿಂತ ಮಾತ್ರಕ್ಕೆ ಕಬ್ಬಿಣದ ಕಟ್ಟಡ ಬೀಳುವುದಿಲ್ಲ.

ಬೀಳಿಸಿದ್ದು ಬಾಡಿಗೆ ಕಾಯ್ದೆ. ಎರಡನೇ ಮಹಾಯುದ್ಧದ ಹೊತ್ತಿನ ಬೆಲೆಯೇರಿಕೆಯಿಂದ ಬಾಡಿಗೆದಾರರನ್ನು ಕಾಪಾಡಲು ಬಂದ ನಿಯಂತ್ರಣ 1947ರ ಬಾಂಬೆ ಕಾಯ್ದೆಯಾಗಿ ಬೇರೂರಿತು. ಬಾಡಿಗೆ 1940ರ ಸೆಪ್ಟೆಂಬರಿನ ಮಟ್ಟಕ್ಕೇ ನಿಂತಿತು, ಬಾಡಿಗೆದಾರನನ್ನು ಎಬ್ಬಿಸುವುದೂ ಹೆಚ್ಚುಕಡಿಮೆ ಅಸಾಧ್ಯವಾಯಿತು. ಹೋಟೆಲು ಮುಚ್ಚಿದ ಮೇಲೆ ಅದರ ಕೊಠಡಿಗಳಿಗೆ ಅಡ್ಡಗೋಡೆ ಎದ್ದವು. ಕೋರ್ಟು ಪಕ್ಕದಲ್ಲೇ ಇದ್ದುದರಿಂದ ವಕೀಲರ ಚೇಂಬರುಗಳು, ನಡುವೆ ಸಣ್ಣಪುಟ್ಟ ಅಂಗಡಿಗಳು, ಕೆಲವು ಸಂಸಾರಗಳು. ಮಾಲೀಕನಿಗೆ ಬರುವ ಬಾಡಿಗೆ ಬಣ್ಣ ಬಳಿಸುವುದಕ್ಕೂ ಸಾಲದು. ಬಾಡಿಗೆದಾರನಿಗೆ ಜಾಗ ತನ್ನದಲ್ಲ, ಅವನೇಕೆ ಖರ್ಚು ಮಾಡಿಯಾನು? ಇಬ್ಬರ ಲೆಕ್ಕವೂ ಸರಿಯೇ. ಮಳೆನೀರು ಮಾತ್ರ ಒಳಗಿಳಿಯುತ್ತಲೇ ಇತ್ತು. 2005ರಲ್ಲಿ ಬಾಲ್ಕನಿ ಕುಸಿದು ಒಬ್ಬರು ಸತ್ತರು. ಅದೇ ವರ್ಷ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಇದನ್ನು ಜಗತ್ತಿನ ನೂರು ಅಪಾಯದಂಚಿನ ತಾಣಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದರಿಂದ ಒಂದು ಬೋಲ್ಟೂ ಬಿಗಿಯಾಗಲಿಲ್ಲ.

ಅದೇ ಊರಿನ ಚರ್ನಿ ರೋಡಿನಲ್ಲಿರುವ ರಾಯಲ್ ಓಪೆರಾ ಹೌಸ್ ಕಥೆ ಬೇರೆ. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದ ಈ ರಂಗಮಂದಿರ ಮುಂದೆ ಸಿನಿಮಾ ಟಾಕೀಸಾಗಿ, ವಿಡಿಯೋ ಹಾವಳಿಯಲ್ಲಿ ಸೊರಗಿ, 1993ರಲ್ಲಿ ಬಾಗಿಲು ಹಾಕಿತು. ಆದರೆ ಅದು ಗುಜರಾತಿನ ಗೊಂಡಲ್ ರಾಜಮನೆತನದ ಸ್ವತ್ತು. ಒಡೆತನ ಒಂದೇ ಕಡೆ ಇತ್ತು, ತೀರ್ಮಾನವೂ ಒಂದೇ ಕಡೆ. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಕೈಯಲ್ಲಿ ದುರಸ್ತಿಯಾಗಿ 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು.

ವಾಟ್ಸನ್ನಿನಲ್ಲಿ ಹಕ್ಕುದಾರರು ಬಾಗಿಲಿಗೊಬ್ಬರು. 2019ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಎಲ್ಲರನ್ನೂ ಖಾಲಿ ಮಾಡಿಸಿದರು. ಐಐಟಿ ಬಾಂಬೆಯ ವರದಿ ಕೆಡವಿ ಎಂದಿತು, ಪಾರಂಪರಿಕ ಕಟ್ಟಡಗಳ ದುರಸ್ತಿ ಬಲ್ಲವರು ಉಳಿಸಬಹುದು ಎಂದರು. ದುರಸ್ತಿಯ ಖರ್ಚು ಯಾರದು, ಆಮೇಲೆ ಹಳೆ ಬಾಡಿಗೆದಾರರು ಹಳೆ ಬಾಡಿಗೆಗೇ ವಾಪಸ್ ಬರಬಹುದೇ ಎಂಬುದು ತಾಂತ್ರಿಕ ವರದಿಗಳು ಉತ್ತರಿಸುವ ಪ್ರಶ್ನೆಯಾಗಿರಲಿಲ್ಲ.