ಹಸಿಗೆ ಹಸಿ ಕೂಡಬೇಕು

ಮಿರಗದ, ಅಂದರೆ ಮೃಗಶಿರದ, ಮಳೆ ಒಂದು ಸಂಜೆ ಜೋರಾಗಿ ಹೊಡೆದರೆ ಸಾಕು, ಮರುದಿನ ಆಳಂದ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳ ಸಾಲು, ಬೀಜದ ಅಂಗಡಿ ಮುಂದೆ ಪಾಳಿ. ನಮ್ಮ ಕಾಕಾ ಮಾತ್ರ ಅಂದು ಕೂರಿಗೆ ಮುಟ್ಟುವುದಿಲ್ಲ. ಗುದ್ದಲಿ ಹಿಡಿದು ಹೊಲದ ನಡುವಿಗೆ ಹೋಗಿ ಒಂದು ಗೇಣು ಅಗೆಯುತ್ತಾರೆ. ಮೇಲೆ ಮೂರು ಬೆರಳಿನಷ್ಟು ಕರ್ರಗೆ ತೊಯ್ದ ಮಣ್ಣು, ಅದರ ಕೆಳಗೆ ಬೂದು ಬಣ್ಣದ ಒಣ ಹೆಂಟೆ, ಇನ್ನೂ ಕೆಳಗೆ ಹೋದ ವರ್ಷದ್ದು ಅನ್ನುವಂಥ ತಣ್ಣನೆಯ ತೇವ. ಕಾಕಾ ಆ ನಡುವಿನ ಒಣ ಪಟ್ಟಿಯನ್ನು ಉಗುರಿನಿಂದ ಕೆರೆದು, "ಹಸಿಗೆ ಹಸಿ ಕೂಡಿಲ್ಲ ತಮ್ಮಾ. ಇನ್ನೊಂದ್ ಮಳಿ ಬರ್ಲಿ" ಅಂತ ಎದ್ದುಬಿಡುತ್ತಾರೆ.

ಸಣ್ಣವನಿದ್ದಾಗ ಇದು ಹಿರಿಯರ ಹಟ ಅನಿಸುತ್ತಿತ್ತು. ಬೀಜದ ಒಳಗೆ ಏನು ನಡೆಯುತ್ತದೆ ಎಂದು ಓದಿಕೊಂಡ ಮೇಲೆ ಆ ಮೂರು ಬೆರಳಿನ ಲೆಕ್ಕ ಬೇರೆಯಾಗಿ ಕಾಣತೊಡಗಿತು.

ರಾತ್ರಿ ಹೆಸರುಕಾಳು ನೆನೆಸಿಟ್ಟರೆ ಬೆಳಗ್ಗೆ ಉಬ್ಬಿರುತ್ತದಲ್ಲ, ಆ ಉಬ್ಬುವುದಕ್ಕೂ ಜೀವಕ್ಕೂ ಸಂಬಂಧವಿಲ್ಲ. ಸತ್ತ ಕಾಳೂ ಅಷ್ಟೇ ಚೆನ್ನಾಗಿ ಉಬ್ಬುತ್ತದೆ. ಒಣಗಿದ ಪಿಷ್ಟ, ಪ್ರೋಟೀನು ನೀರನ್ನು ಹೀರುತ್ತವೆ, ಅಷ್ಟೇ. ಮೆಕ್ಕೆಜೋಳ ಮೊಳೆಯಬೇಕಾದರೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಕುಡಿಯಬೇಕು, ಸೋಯಾಕ್ಕೆ ಅರ್ಧದಷ್ಟು ಬೇಕು. ಕುಡಿದಾದ ಮೇಲೆ ಬೀಜ ಸುಮ್ಮನಾದಂತೆ ಕಾಣುತ್ತದೆ. ತೂಕ ಏರುವುದಿಲ್ಲ, ಹೊರಗೆ ಏನೂ ತೋರುವುದಿಲ್ಲ. ಆದರೆ ಒಳಗೆ ರಿಪೇರಿ ಕೆಲಸ ಶುರುವಾಗಿರುತ್ತದೆ. ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದಾಗ ಡಿಎನ್‌ಎಯಲ್ಲಿ ಆದ ಸೀಳುಗಳನ್ನು ಹೊಲಿಯಬೇಕು, ಉಸಿರಾಟದ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಇದೆಲ್ಲ ಮುಗಿದ ಮೇಲೆ ಸಿಪ್ಪೆ ಒಡೆದು ಬೇರಿನ ತುದಿ ಹೊರಬರುತ್ತದೆ.

ಆ ತುದಿ ಹೊರಬರುವ ಗಳಿಗೆಯೇ ಗೆರೆ. ಅದಕ್ಕೂ ಮೊದಲು ಹೊಲ ಒಣಗಿದರೆ ಬೀಜವೂ ತಿರುಗಿ ಒಣಗಿ ಕುಳಿತುಕೊಳ್ಳಬಲ್ಲದು, ಮುಂದಿನ ಮಳೆಗೆ ಮತ್ತೆ ಏಳಬಲ್ಲದು. ಬೇರು ಹೊರಬಿದ್ದ ಮೇಲೆ ಒಣಗಿ ಬದುಕುವ ಆ ಶಕ್ತಿ ಬೇಗನೆ ಕಳೆದುಹೋಗುತ್ತದೆ. ಆಮೇಲೆ ಸಸಿಗಿರುವುದು ಒಂದೇ ದಾರಿ, ಹಸಿ ಕೆಳಗೆ ಸರಿಯುವ ಮೊದಲು ಅದನ್ನು ಬೇರಿನಿಂದ ಮುಟ್ಟುವುದು.

ಹಾಗಾಗಿ ಮಳೆಯೇ ಆಗದ ಹೊಲಕ್ಕಿಂತ ಅರ್ಧಮರ್ಧ ಮಳೆಯಾದ ಹೊಲ ಬೀಜಕ್ಕೆ ಕೆಟ್ಟದ್ದು. ಎರೆಭೂಮಿಯಲ್ಲಂತೂ ಇದು ಇನ್ನೂ ಮೋಸದ್ದು. ಮಸಾರಿಯ ಕೆಂಪು ಮಣ್ಣಿನಲ್ಲಿ ಆಳಕ್ಕೆ ಇಳಿಯುವಷ್ಟೇ ಮಳೆ ಎರೆಯಲ್ಲಿ ಮೇಲೆಯೇ ನಿಂತುಬಿಡುತ್ತದೆ, ಜೇಡಿ ಕಣಗಳು ಅದನ್ನು ಬಿಗಿಹಿಡಿದಿರುತ್ತವೆ. ನೋಡಲು ಕರ್ರಗೆ ಹಸಿಹಸಿಯಾಗಿದ್ದರೂ ಅದರಲ್ಲಿ ಬೇರಿಗೆ ಬಿಟ್ಟುಕೊಡುವ ನೀರು ಕಡಿಮೆ. ಆ ಮೂರು ಬೆರಳಿನ ಹಸಿ ತೊಗರಿಯನ್ನು ಗೆರೆ ದಾಟಿಸುತ್ತದೆ. ದಾಟಿದ ಮೇಲೆ ಸಾಕುವಷ್ಟು ಅದರಲ್ಲಿ ಇರುವುದಿಲ್ಲ, ಬೇರು ಇಳಿದರೆ ಸಿಗುವುದು ಒಣ ಹೆಂಟೆ. ಎಂಟು ದಿನ ಬಿಸಿಲು ಬಿದ್ದರೆ ದುಬಾರ ಬಿತ್ತನೆ, ಅಂದರೆ ಮತ್ತೊಮ್ಮೆ ಬಿತ್ತುವುದು. ನೆರೆಯ ಮಹಾರಾಷ್ಟ್ರದಲ್ಲಿ ಸೋಯಾ ಬೆಳೆಗಾರರಿಗೆ 75ರಿಂದ 100 ಮಿ.ಮೀ. ಮಳೆ ಆಗುವವರೆಗೆ ಬಿತ್ತಬೇಡಿ ಎಂದು ಕೃಷಿ ಇಲಾಖೆ ಸಾರುವುದೂ ಇದಕ್ಕೇ. ಕಾಕಾನ ಗುದ್ದಲಿ ಮಿಲಿಮೀಟರ್ ಅಳೆಯುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದು ಮಳೆಮಾಪಕಕ್ಕಿಂತ ಒಂದು ಕೈ ಮೇಲು. ಬಿದ್ದದ್ದೆಷ್ಟು ಅನ್ನುವುದನ್ನು ಬಿಟ್ಟು ಇಳಿದದ್ದೆಷ್ಟು ಎಂದು ನೋಡುತ್ತದೆ.

ಬೀಜ ಸುಮ್ಮನಿರುವ ಆ ನಡುಗಾಲವನ್ನು ಉಪಯೋಗಿಸಿಕೊಳ್ಳುವ ಉಪಾಯವೂ ಇದೆ. ಹಿಂಗಾರಿ ಜೋಳದ ಬೀಜವನ್ನು ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿ ಎಂಬ ಶಿಫಾರಸು ಕೇಳಿರಬಹುದು. ರಿಪೇರಿ ಕೆಲಸ ಮನೆಯಲ್ಲೇ ಮುಗಿಸಿ, ಬೇರು ಬರುವ ಮೊದಲೇ ಬೀಜವನ್ನು ತಡೆದು ನಿಲ್ಲಿಸುವುದು ಅದರ ತಿರುಳು. ಹೊಲಕ್ಕೆ ಬಿದ್ದಾಗ ಅದಕ್ಕೆ ಕಾಯುವ ಕೆಲಸ ಕಡಿಮೆ.

ಎಲ್ಲ ಕಾಳೂ ಒಂದೇ ಸಲ ಏಳುವುದಿಲ್ಲ ಅನ್ನುವುದೂ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ನೆನೆಸಿದ ಹೆಸರಿನಲ್ಲಿ ಒಂದೆರಡು ಕಲ್ಲಿನಂತೆ ಹಾಗೇ ಉಳಿದು ಹಲ್ಲಿಗೆ ಸಿಗುತ್ತವೆ. ಅವುಗಳ ಸಿಪ್ಪೆ ನೀರನ್ನೇ ಒಳಗೆ ಬಿಟ್ಟಿರುವುದಿಲ್ಲ. ಊಟಕ್ಕೆ ಕಿರಿಕಿರಿ, ಗಿಡಕ್ಕೆ ವಿಮೆ. ಮೊದಲ ಮಳೆ ನಂಬಿ ಎದ್ದವರೆಲ್ಲ ಸತ್ತರೂ ಇವು ಮುಂದಿನ ಮಳೆಗೆ ಉಳಿದಿರುತ್ತವೆ. ಜಾಲಿಯ ಬೀಜದ್ದೂ ಇದೇ ಕಥೆ. ಕುರಿ, ಆಡು ಕಾಯಿ ತಿಂದು ಹೊಟ್ಟೆಯಲ್ಲಿ ಸಿಪ್ಪೆ ಸವೆಸಿ ಹಿಕ್ಕೆಯೊಂದಿಗೆ ಹಾಕಿದಲ್ಲಿ ಅದು ಸಲೀಸಾಗಿ ಹುಟ್ಟುತ್ತದೆ. ಕುರಿ ತರುಬಿದ ಹೊಲದಲ್ಲಿ ಜಾಲಿ ಕೀಳುವ ಕೆಲಸ ಯಾಕೆ ಹೆಚ್ಚು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ನವರಾತ್ರಿಯಲ್ಲಿ ಅವ್ವ ಘಟ ಹಾಕುತ್ತಾಳೆ. ದೇವರ ಮನೆಯ ಮೂಲೆಯಲ್ಲಿ ಪತ್ರಾವಳಿ ಮೇಲೆ ಹೊಲದ ಮಣ್ಣು ಹರವಿ, ನಡುವೆ ಗಡಿಗೆ ಇಟ್ಟು, ಸುತ್ತ ಜೋಳ, ಗೋಧಿ, ಕಡಲೆ ಚೆಲ್ಲಿ ದಿನಾ ನೀರು ಚಿಮುಕಿಸುತ್ತಾಳೆ. ಒಂಬತ್ತು ದಿನಕ್ಕೆ ಗೇಣುದ್ದದ ಸಸಿ, ಬಣ್ಣ ಅರಿಸಿನ. ಅದೇ ಜೋಳ ಹೊಲದಲ್ಲಿ ಅಷ್ಟು ದಿನಕ್ಕೆ ಅದರ ಅರ್ಧವೂ ಇರುವುದಿಲ್ಲ. ಎಲ್ಲರೂ ಎತ್ತರ ನೋಡಿ "ಈ ಸಲ ಬೆಳಿ ಚಲೋ" ಅನ್ನುತ್ತಾರೆ. ನಿಜವಾಗಿ ಅದು ಬೆಳಕು ಹುಡುಕುತ್ತಿರುವ ಸಸಿಯ ಪರದಾಟ. ತಾನಿನ್ನೂ ಮಣ್ಣಿನ ಒಳಗೇ ಇದ್ದೇನೆ ಎಂದುಕೊಂಡು, ಎಲೆ ಬಿಚ್ಚದೆ, ಹಸಿರು ಮಾಡದೆ, ಕಾಳಿನಲ್ಲಿ ಕೂಡಿಟ್ಟಿದ್ದ ಆಹಾರದ ಗಂಟನ್ನೆಲ್ಲ ಉದ್ದಕ್ಕೇ ಸುರಿದಿರುತ್ತದೆ. ಆ ಗಂಟು ಮುಗಿದರೆ ಸಸಿ ಒರಗುತ್ತದೆ. ದಸರೆಯ ಮರುದಿನ ಹೇಗೂ ತೆಗೆಯುವುದರಿಂದ ಯಾರೂ ಗಮನಿಸುವುದಿಲ್ಲ.

ಆಳವಾಗಿ ಬಿದ್ದ ಬೀಜದ ಗತಿಯೂ ಇದೇ. ತೊಗರಿಯನ್ನು ಸುಮಾರು 5 ಸೆಂ.ಮೀ. ಆಳಕ್ಕೆ ಬಿತ್ತುತ್ತೇವೆ. ದಪ್ಪ ಕಾಳಿಗೆ ದೊಡ್ಡ ಗಂಟು, ದೂರದ ಪಯಣ ಸಾಧ್ಯ. ಸಾಸಿವೆಗಿಂತ ಸಣ್ಣ ಕಸದ ಬೀಜಗಳಿಗೆ ಅಷ್ಟು ಗಂಟಿಲ್ಲ. ಅದಕ್ಕೇ ಅವುಗಳಲ್ಲಿ ಹಲವಕ್ಕೆ ಬೆಳಕು ಬೀಳದೆ ಮೊಳೆಯುವುದೇ ಇಲ್ಲ. ಮಣ್ಣಿನ ಮೇಲ್ಗಡೆ ಇದ್ದೇನೆ ಎಂದು ಖಾತ್ರಿಯಾದರೆ ಮಾತ್ರ ಹೊರಡುತ್ತವೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕು ಬಿಟ್ಟು ಮೊಳೆಯಿಸಿ, ಕಡುಗೆಂಪಿನಾಚೆಯ ಬೆಳಕು ಬಿಟ್ಟು ತಡೆದು ತೋರಿಸಿದರು. ಬೀಜದಲ್ಲಿರುವ ಆ ಬೆಳಕಿನ ಸ್ವಿಚ್ಚಿಗೆ ಫೈಟೋಕ್ರೋಮ್ ಎಂಬ ಹೆಸರು ಬಂತು. ಎಡೆ ಹೊಡೆದ ನಾಲ್ಕನೇ ದಿನಕ್ಕೆ ಹೊಲದಲ್ಲಿ ಹೊಸ ಕಸ ಏಳುವುದು ಕುಂಟೆ ಮಣ್ಣು ಮಗುಚಿ, ಬೀಜಕ್ಕೆ ಬೆಳಕು ತೋರಿಸಿ ಆ ಸ್ವಿಚ್ಚನ್ನು ಒತ್ತಿದ್ದರಿಂದಲೂ ಹೌದು.

ಹುಟ್ಟಿದ ಮೇಲಿನ ಕಥೆಗೆ ಭಾಲ್ಕಿ ಕಡೆ ಹೋಗಬೇಕು. ನಮ್ಮ ಭಾವನ ಹೊಲದಲ್ಲಿ ಸೋಯಾ ಮತ್ತು ತೊಗರಿ ಅಕ್ಕಪಕ್ಕದ ಸಾಲು. ಬೀದರ್ ಜಿಲ್ಲೆಯಲ್ಲಿ ಕೃಷ್ಣಮೃಗಗಳ ಹಾವಳಿ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಬೆಳಗ್ಗೆ ನೋಡಿದರೆ ಎರಡೂ ಸಾಲಿನ ಸಸಿಗಳನ್ನು ನೆಲಮಟ್ಟಕ್ಕೆ ಮೇಯ್ದು ಹೋಗಿವೆ. ಹತ್ತು ದಿನ ಬಿಟ್ಟು ಹೋದಾಗ ತೊಗರಿ ಅಲ್ಲಲ್ಲಿ ಚಿಗುರಿತ್ತು. ಸೋಯಾ ಸಾಲು ಬೋಳು.

ಕಾರಣ ಸರಳ. ಸೋಯಾ, ಹೆಸರು, ಉದ್ದು ಹುಟ್ಟುವಾಗ ಕಾಳಿನ ಎರಡೂ ಬೇಳೆಗಳನ್ನು ಹೊತ್ತುಕೊಂಡೇ ಮೇಲೆ ಬರುತ್ತವೆ. ಅವಕ್ಕಿಂತ ಕೆಳಗೆ ದಂಟಿನಲ್ಲಿ ಚಿಗುರುವ ಮೊಗ್ಗು ಇಲ್ಲ. ಬೇಳೆಯ ಕೆಳಗೆ ಕಡಿದರೆ ಸಸಿ ಮುಗಿಯಿತು. ತೊಗರಿ, ಕಡಲೆ ಬೇಳೆಯನ್ನು ಮಣ್ಣಿನಲ್ಲೇ ಬಿಟ್ಟು ಬರೀ ಸುಳಿಯನ್ನು ಮೇಲಕ್ಕೆ ಕಳಿಸುತ್ತವೆ. ಗಂಟೂ ಕೆಳಗೆ, ಮೀಸಲು ಮೊಗ್ಗೂ ಕೆಳಗೆ. ಕೆಂಪು ಮಣ್ಣಿನಲ್ಲಿ ಬಡಿದ ಮಳೆಯ ಮೇಲೆ ಬಿಸಿಲು ಬಿದ್ದು ನೆಲ ಹಪ್ಪಳಗಟ್ಟಿದಾಗಲೂ ಇದೇ ವ್ಯತ್ಯಾಸ ಕಾಣುತ್ತದೆ. ಎರಡು ದಪ್ಪ ಬೇಳೆಗಳನ್ನು ಆ ಹಪ್ಪಳದ ಮೂಲಕ ಎಳೆಯುವಾಗ ಸೋಯಾದ ಕತ್ತೇ ಮುರಿಯುತ್ತದೆ.

ಸೋಯಾ ಕೂರಿಗೆಗೆ ಬರುವ ಮೊದಲೇ ಅರ್ಧ ಸತ್ತಿರುತ್ತದೆ ಅನ್ನುವುದು ಇನ್ನೊಂದು ಗೋಳು. ತೆಳ್ಳನೆಯ ಸಿಪ್ಪೆಯ ಕೆಳಗೇ ಬೇರಿನ ಭ್ರೂಣ, ಚೀಲವನ್ನು ಲಾರಿಯಿಂದ ಎತ್ತಿ ಒಗೆದರೆ ಪೆಟ್ಟು ನೇರ ಅದಕ್ಕೇ. ಮೇಲೆ ನಮ್ಮ ಬೇಸಿಗೆ. ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿಯ ಅಂದಾಜು ಲೆಕ್ಕದಂತೆ ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಆಯುಷ್ಯ ಇಮ್ಮಡಿ, ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿ. ಪತ್ರಾಸಿನ ಶೆಡ್ಡಿನಲ್ಲಿ ಈ ಲೆಕ್ಕ ಉಲ್ಟಾ ನಡೆಯುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ 1879ರಲ್ಲಿ ಬಾಟಲಿಗಳಲ್ಲಿ ತುಂಬಿ ಹೂತಿಟ್ಟ ಕಸದ ಬೀಜಗಳಲ್ಲಿ ಕೆಲವು 2021ರಲ್ಲೂ ಮೊಳೆತವು. ನಮ್ಮ ಸೋಯಾಕ್ಕೆ ಒಂದು ಮೇ ತಿಂಗಳು ದಾಟುವುದೇ ಕಷ್ಟ.

ಹಾಗಾಗಿ ಭಾವ ಗೋಣಿಚೀಲದ ಪರೀಕ್ಷೆ ಮಾಡಿದರು. ತೊಯ್ಸಿ ಹಿಂಡಿದ ಚೀಲದ ಮೇಲೆ ಹತ್ತರಂತೆ ಹತ್ತು ಸಾಲು, 100 ಕಾಳು. ಸುರುಳಿ ಸುತ್ತಿ ನೆರಳಲ್ಲಿಟ್ಟು, ಆಗಾಗ ನೀರು ಚಿಮುಕಿಸಿ, ಆರನೇ ದಿನ ಬಿಚ್ಚಿದೆವು. 61 ಕಾಳಿಗೆ ನೆಟ್ಟಗಿನ ಬೇರು, ಗಟ್ಟಿ ಕುತ್ತಿಗೆ. 14ರಲ್ಲಿ ಬೇರು ಮೊಟಕು, ಇಲ್ಲವೇ ಬೇಳೆ ಸೀಳು. ಉಳಿದವು ಲೋಳೆಗಟ್ಟಿ ವಾಸನೆ.

"ಎಪ್ಪತ್ತೈದು ಮೊಳತಾವಲ್ಲ, ಸಾಕು ಬಿಡು" ಅಂದರು ಭಾವ. ಪ್ರಯೋಗಾಲಯದವರು ಆ ಹದಿನಾಲ್ಕನ್ನು ಎಣಿಸುವುದಿಲ್ಲ. ಪ್ರಮಾಣಿತ ಸೋಯಾ ಬೀಜಕ್ಕೆ ಬೇಕಾದ ಕನಿಷ್ಠ ಶೇ 70, ಅದು ಆರೋಗ್ಯದ ಸಸಿಗಳ ಲೆಕ್ಕ. ಎಕರೆಗೆ 30 ಕಿಲೋ ಬದಲು 35 ಕಿಲೋ ಹಾಕಿದರೆ ಸರಿಹೋಗುತ್ತದೆ ಎಂದು ಕಾಗದದ ಮೇಲೆ ತೋರಿಸಬಹುದು. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಹಳೆಯದಾದ ಬೀಜದ ಪೊರೆಗಳು ಸೋರುತ್ತವೆ, ನೆನೆದಾಗ ಸಕ್ಕರೆ, ಲವಣ ಹೊರಗೆ ಹರಿದು ಮಣ್ಣಿನ ಶಿಲೀಂಧ್ರಗಳಿಗೆ ಊಟಕ್ಕೆ ಕರೆದಂತಾಗುತ್ತದೆ. ಗೋಣಿಚೀಲದಲ್ಲಿ ಸುಖವಾಗಿ ಮೊಳೆತ 61ರಲ್ಲೂ ಕೆಲವು ಹೊಲದಲ್ಲಿ ನಿಲ್ಲುವುದಿಲ್ಲ.

ನಿಂತವಕ್ಕೂ ಶತ್ರುಗಳು ಕಾದಿರುತ್ತಾರೆ. ಜೋಳ ಹುಟ್ಟಿದ ಮೊದಲ ಮೂರು ನಾಲ್ಕು ವಾರ ಸುಳಿನೊಣದ ಕಾಲ. ಎಲೆಯ ಕೆಳಗೆ ತತ್ತಿ, ಒಳಗಿಳಿದ ಹುಳ ಸುಳಿಯನ್ನು ಬುಡದಲ್ಲೇ ಕತ್ತರಿಸುತ್ತದೆ. ಒಣಗಿದ ಸುಳಿ ಎಳೆದರೆ ಕೈಗೆ ಬರುತ್ತದೆ, ಕೊಳೆತ ನಾತ. ತೊಗರಿಯ ನೆಟೆ ರೋಗದ ಶಿಲೀಂಧ್ರ ಇನ್ನೂ ಕಳ್ಳ, ಎಳೆಯ ಬೇರಿನಲ್ಲಿ ಹೊಕ್ಕು ಹೂವಿನ ಹೊತ್ತಿಗೆ ತೋರುತ್ತದೆ. ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚುವುದು ಆ ಮೊದಲ ಹೊಕ್ಕಾಟವನ್ನು ತಡೆಯಲಿಕ್ಕೆ.

ಅತಿ ನೀರಿನದ್ದೂ ಒಂದು ಮಾತು. ಶಹಾಪುರ, ಸುರಪುರದ ಕಾಲುವೆ ಗದ್ದೆಗಳಲ್ಲಿ ಭತ್ತದ ಬೀಜ ನೀರಿನಡಿ ಮುಳುಗಿದ್ದರೂ ಮೊಳಕೆಯ ಕವಚವನ್ನು ಮೇಲಕ್ಕೆ ಚಾಚಿ ಗಾಳಿ ಹುಡುಕುತ್ತದೆ, ಬೇರನ್ನು ಆಮೇಲೆ ನೋಡಿಕೊಳ್ಳುತ್ತದೆ. ತೊಗರಿಗೆ ಆ ವಿದ್ಯೆ ಇಲ್ಲ. ನೀರು ನಿಂತ ಎರೆಯಲ್ಲಿ ಅದು ಉಸಿರುಕಟ್ಟಿ ಕೊಳೆಯುತ್ತದೆ.

ಕಾಕಾನ ಲೆಕ್ಕ ತಪ್ಪಿದ ವರ್ಷಗಳೂ ಇವೆ. ಒಂದು ಸಲ ಹಸಿ ಕೂಡಲಿ ಎಂದು ಕಾದರು. ಕೂಡಿತು, ಆದರೆ ಮಳೆ ನಿಲ್ಲಲಿಲ್ಲ. ಎರೆ ಹೊಲದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಕೆಸರು, ಎತ್ತು ಹೋಗುವಂತಿಲ್ಲ, ಟ್ರ್ಯಾಕ್ಟರ್ ಅಂತೂ ದೂರ. ಮೊದಲ ಮಳೆಗೇ ಬಿತ್ತಿದವರ ತೊಗರಿ ಆಗಲೇ ಬೆರಳುದ್ದ ಎದ್ದಿತ್ತು. ಕಾಕಾ ದಿನಾ ಬೆಳಗ್ಗೆ ಬದುವಿನ ಮೇಲೆ ನಿಂತು ಪಕ್ಕದ ಹೊಲ ನೋಡಿ ವಾಪಸ್ ಬರುತ್ತಿದ್ದರು. ಕೂರಿಗೆ ಎರಡು ವಾರ ಗ್ವಾಡಿಗೆ ಒರಗಿಕೊಂಡೇ ಇತ್ತು, ಅದರ ಬಟ್ಟಲಿನಲ್ಲಿ ಗುಬ್ಬಿ ಕಡ್ಡಿ ತಂದು ಇಡತೊಡಗಿತ್ತು.