ಮಾರ್ಸಿಯಾನೊ ಮತ್ತೆ ರಿಂಗ್‌ಗೆ ಇಳಿದಿದ್ದರೆ?

49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಇಷ್ಟನ್ನು ಹೆಸರಿನಲ್ಲಿಟ್ಟುಕೊಂಡು ಅಮೆರಿಕದ ಬಾಕ್ಸರ್ ರಾಕಿ ಮಾರ್ಸಿಯಾನೊ 1956ರ ಏಪ್ರಿಲ್‌ನಲ್ಲಿ ಹೆವಿವೇಟ್ ಪಟ್ಟ ಬಿಟ್ಟು ನಿವೃತ್ತನಾದ. ಆಗ ವಯಸ್ಸು 32. ಮೂರು ವರ್ಷದ ನಂತರ, 1959ರ ಜೂನ್‌ನಲ್ಲಿ, ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಒಂದೇ ಸುತ್ತಿನಲ್ಲಿ ಆಗಿನ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಏಳು ಸಲ ಕೆಡವಿ ಚಾಂಪಿಯನ್ ಆದ. ಮಾರ್ಸಿಯಾನೊಗೆ ಮನಸ್ಸು ತಡೆಯಲಿಲ್ಲ. ಮತ್ತೆ ತರಬೇತಿ ಶುರು ಮಾಡಿದ. ತಿಂಗಳು ಕಳೆಯುವಷ್ಟರಲ್ಲಿ ಬೇಡ ಅಂತ ಕೈಬಿಟ್ಟ.

ಬಂದಿದ್ದರೆ ಗೆಲ್ಲುತ್ತಿದ್ದನಾ?

ಎಲ್ಲರೂ ಹೇಳುವುದು ಅವನ ಬಲಗೈ ಬಗ್ಗೆ. ಆ ಹೊಡೆತದ ಜೋರು ಮೂರು ವರ್ಷಕ್ಕೆಲ್ಲ ಹೋಗುವುದಿಲ್ಲ, ನಿಜ. ಆದರೆ ಅವನ ಗೆಲುವು ನಿಂತಿದ್ದು ಕಾಲು ಮತ್ತು ಉಸಿರಿನ ಮೇಲೆ. ಎರಡೂ ಕೈ ಅಗಲಿಸಿ ಚಾಚಿದರೆ ಅವನ ತೋಳಳತೆ ಬರೀ 68 ಇಂಚು. ದೂರ ನಿಂತು ಹೊಡೆಯೋಕೆ ಆಗುತ್ತಿರಲಿಲ್ಲ. ಮಂಡಿ ಬಗ್ಗಿಸಿ, ತಲೆ ತಗ್ಗಿಸಿ, ಏಟು ತಿನ್ನುತ್ತಲೇ ಒಳಗೆ ನುಗ್ಗಬೇಕು. ಆಮೇಲೆ ತೋಳು, ಭುಜ, ಪಕ್ಕೆ ಅಂತ ನೋಡದೆ ಸಿಕ್ಕಲ್ಲಿ ಬಾರಿಸಬೇಕು. 1952ರಲ್ಲಿ ಆಗಿನ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಅವನನ್ನು ಮೊದಲ ಸುತ್ತಿನಲ್ಲೇ ಕೆಡವಿದ್ದ. 12 ಸುತ್ತು ಮುಗಿದಾಗಲೂ ಅಂಕದಲ್ಲಿ ವಾಲ್ಕಾಟನೇ ಮುಂದೆ. 13ನೇ ಸುತ್ತಿನಲ್ಲಿ ಬಿತ್ತು ನೋಡಿ ಆ ಬಲಗೈ, ಪಟ್ಟ ಮಾರ್ಸಿಯಾನೊದಾಯಿತು. ಅಷ್ಟು ಹೊತ್ತು ಒಂದೇ ಸಮನೆ ನುಗ್ಗುವ ದಮ್ಮು ಇದ್ದದ್ದಕ್ಕೇ ಇದು ಸಾಧ್ಯವಾದದ್ದು. ಆಟ ಬಿಟ್ಟವನಿಗೆ ಮೊದಲು ಕೈಕೊಡುವುದೂ ಆ ದಮ್ಮೇ.

ಇದನ್ನು ಅವನು ಕಣ್ಣಾರೆ ಕಂಡಿದ್ದ. 1949ರಲ್ಲಿ ನಿವೃತ್ತನಾಗಿದ್ದ ಹಳೆಯ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ತೆರಿಗೆ ಸಾಲದ ಹೊರೆಯಿಂದ ಮತ್ತೆ ಗ್ಲೌಸ್ ಹಾಕಿದ್ದ. 1951ರ ಅಕ್ಟೋಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನಿಗೆ ಎದುರಾದದ್ದು ಇದೇ ಮಾರ್ಸಿಯಾನೊ. 37ರ ಲೂಯಿಸ್‌ಗೆ ಎಡಗೈ ಜ್ಯಾಬ್, ಅಂದರೆ ದೂರದಿಂದಲೇ ಚುಚ್ಚಿದಂತೆ ಕೊಡುವ ನೇರ ಹೊಡೆತ, ಇನ್ನೂ ಇತ್ತು, ಹಿಂದಿನ ವೇಗ ಇರಲಿಲ್ಲ. ಎಂಟನೇ ಸುತ್ತಿನಲ್ಲಿ ಹಗ್ಗದ ನಡುವೆ ತೂರಿ ರಿಂಗ್‌ನ ಅಂಚಿಗೆ ಬಿದ್ದ. ಗೆದ್ದ ಮಾರ್ಸಿಯಾನೊ ಆಮೇಲೆ ಅತ್ತನಂತೆ. ಲೂಯಿಸ್ ಅಂದರೆ ಅವನಿಗೆ ಅಷ್ಟು ಅಭಿಮಾನ.

ನಿವೃತ್ತನಾಗಿ ಮತ್ತೆ ಬಂದ ಜಾರ್ಜ್ ಫೋರ್‌ಮನ್ ಹೆವಿವೇಟ್ ಪಟ್ಟ ಗೆಲ್ಲಲಿಲ್ವಾ ಅಂತ ಕೇಳಬಹುದು. ಗೆದ್ದ, 1994ರಲ್ಲಿ, 45ನೇ ವಯಸ್ಸಿನಲ್ಲಿ. ಆದರೆ ಅವನು ವಾಪಸ್ ಬಂದದ್ದು 1987ರಲ್ಲಿ. ಸಣ್ಣಪುಟ್ಟ ಎದುರಾಳಿಗಳಿಂದ ಶುರು ಮಾಡಿ ಏಳು ವರ್ಷ ಕಾದ. ಜೊತೆಗೆ ಎತ್ತರದ ಆಳು, ಉದ್ದನೆಯ ಕೈ. ನಿಂತಲ್ಲೇ ನಿಂತು ಜ್ಯಾಬ್ ಮಾಡುತ್ತಾ ಸಮಯ ನೋಡಿ ಹೊಡೆದರೆ ಸಾಕಿತ್ತು. ಮಾರ್ಸಿಯಾನೊಗೆ ಆ ಸೌಕರ್ಯ ಎಲ್ಲಿತ್ತು?

ಕಾಲವೂ ಇರಲಿಲ್ಲ. 1960ರ ಜೂನ್‌ನಲ್ಲಿ ಪ್ಯಾಟರ್ಸನ್ ಐದನೇ ಸುತ್ತಿನಲ್ಲೇ ಯೊಹಾನ್ಸನ್‌ನನ್ನು ಮಲಗಿಸಿ ಪಟ್ಟ ವಾಪಸ್ ಪಡೆದ. ಅಂದರೆ ಒಂದೇ ವರ್ಷದ ಅವಕಾಶ. ಆರು ತಿಂಗಳು ಬೆವರು ಸುರಿಸಿ, ಒಂದೆರಡು ಸಣ್ಣ ಪಂದ್ಯ ಆಡಿ ಬಂದಿದ್ದರೆ ಯೊಹಾನ್ಸನ್‌ನನ್ನು ಅವನು ಸೋಲಿಸುತ್ತಿದ್ದ ಅಂತಲೇ ನನ್ನ ನಂಬಿಕೆ. ಆ ಪಟ್ಟ ಉಳಿಸಿಕೊಳ್ಳುವುದು ಮಾತ್ರ ಕಷ್ಟವಿತ್ತು. ವೇಗದ ಪ್ಯಾಟರ್ಸನ್ ಎದುರಿಗಿದ್ದ. ಅವನ ಹಿಂದೆಯೇ ಸನ್ನಿ ಲಿಸ್ಟನ್ ಬರುತ್ತಿದ್ದ. ಆ ಲಿಸ್ಟನ್‌ನ ತೋಳಳತೆ 84 ಇಂಚು.